ಮಾತಾಡಬಾರದ ಶನಿವಾರ

ನಮ್ಮ ಮನೆಯಲ್ಲಿ ಅಪ್ಪ ಅಮ್ಮ ಮಾತು ಬಿಟ್ಟಿದ್ದರು. ಜಗಳವಾಡಿ ಎರಡು ದಿನ ಮುಖ ಊದಿಸಿಕೊಂಡು, ಮೂರನೆಯ ದಿನ ಸಾರಿಗೆ ಉಪ್ಪು ಸಾಕಾ ಎಂದು ಕೇಳಿ ಸರಿಹೋಗುವ ಬಗೆಯದಲ್ಲ ಇದು. ನಾನು ಐದನೆಯ ಕ್ಲಾಸಿನಲ್ಲಿದ್ದಾಗ ನಿಂತ ಮಾತು ಎಂಟನೆಯ ಕ್ಲಾಸಿಗೆ ಬಂದರೂ ನಿಂತೇ ಇತ್ತು. ಉಳಿದದ್ದೆಲ್ಲ ಸಾಂಗವಾಗಿ ನಡೆಯುತ್ತಿತ್ತು. ಅಮ್ಮ ಬೆಳಿಗ್ಗೆ ಎದ್ದು ಅಪ್ಪನ ಡಬ್ಬಿಗೆ ಚಪಾತಿ ಪಲ್ಯ ತುಂಬಿ ಗ್ಯಾರೇಜಿನ ಬಾಗಿಲ ಹತ್ತಿರ ಇಡುತ್ತಿದ್ದಳು. ಅಪ್ಪ ಅದನ್ನು ತೆಗೆದುಕೊಂಡು ಆಬರ್ನ್ ಹಿಲ್ಸ್‌ನ ಕಾರು ಕಂಪನಿಯ ಆಫೀಸಿಗೆ ಹೋಗಿ, ಕಾರಿನ ಬಾಗಿಲಿನ ಕೀಲು ಯಾಕೆ ಕಿರುಗುಟ್ಟುತ್ತದೆ ಎಂದು ದಿನವಿಡೀ ತಲೆ ಕೆಡಿಸಿಕೊಂಡು, ಸಂಜೆ ಬಂದು ಡಬ್ಬಿಯನ್ನು ತಾವೇ ತೊಳೆದು ಬೋರಲು ಹಾಕುತ್ತಿದ್ದರು. ಬಟ್ಟೆಯ ಕ್ಲಾಸೆಟ್ಟೊಂದನ್ನು ದೇವರ ಮನೆ ಮಾಡಿಕೊಂಡಿದ್ದೆವು. ಶುಕ್ರವಾರ ಅದರ ಮುಂದೆ ಇಬ್ಬರೂ ಅಕ್ಕಪಕ್ಕ ನಿಂತು ಮಂಗಳಾರತಿ ತೆಗೆದುಕೊಳ್ಳುತ್ತಿದ್ದರು. ಕನ್ನಡ ಕೂಟದ ಯುಗಾದಿಗೆ ಒಂದೇ ಕಾರಿನಲ್ಲಿ ಹೋಗಿ, ಒಂದೇ ಸಾಲಿನಲ್ಲಿ ಕೂತು, ನಗಬೇಕಾದ ಕಡೆ ಇಬ್ಬರೂ ನಗುತ್ತಿದ್ದರು. ಹೊರಗಿನವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಬಾರದು ಎಂಬ ಒಂದು ವಿಷಯದಲ್ಲಿ ಮಾತ್ರ ಅವರಿಬ್ಬರಿಗೂ ಒಮ್ಮತವಿತ್ತು.

ನಡುವೆ ಮಾತು ಸಾಗಿಸುವ ಕೆಲಸ ನನ್ನದು. ನಾನು ಒಬ್ಬನೇ ಮಗ, ಬೇರೆ ಯಾರೂ ಇರಲಿಲ್ಲ. ಅಡುಗೆಮನೆಗೂ ಫ್ಯಾಮಿಲಿ ರೂಮಿಗೂ ಮಧ್ಯೆ ಗೋಡೆಯೇ ಇರಲಿಲ್ಲ. ಸಬ್‌ಡಿವಿಷನ್ ಎನ್ನುವ ಆ ಬಡಾವಣೆಯ ಮನೆಗಳನ್ನು ಕಟ್ಟಿದವನು ಗಂಡ ಹೆಂಡತಿ ಸದಾ ಹರಟುತ್ತಿರುತ್ತಾರೆಂದು ನಂಬಿದ್ದನೇನೋ. ಅಮ್ಮ ಒಲೆಯ ಮುಂದೆ, ಅಪ್ಪ ಸೋಫಾದಲ್ಲಿ, ಹೋಂವರ್ಕ್ ಹರಡಿಕೊಂಡ ನಾನು ಮಧ್ಯದ ಮೇಜಿನಲ್ಲಿ.

"ಅಪ್ಪಂಗೆ ಹೇಳು, ಫರ್ನೇಸ್ ಫಿಲ್ಟರ್ ಚೇಂಜ್ ಮಾಡ್ಬೇಕು."

ನಾನು ತಲೆ ಎತ್ತದೆ ಹೇಳುತ್ತಿದ್ದೆ.

"ಅಮ್ಮಂಗೆ ಹೇಳು, ಶನಿವಾರ ಮಾಡ್ತೀನಿ."

ಅದನ್ನೂ ಹೇಳುತ್ತಿದ್ದೆ. ಇಬ್ಬರಿಗೂ ಎಲ್ಲವೂ ಕೇಳಿಸಿರುತ್ತಿತ್ತು. ಆದರೆ ನನ್ನ ಬಾಯಿಂದ ಹೊರಡುವವರೆಗೆ ಅದು ಹೇಳಿದ ಲೆಕ್ಕಕ್ಕೆ ಬರುತ್ತಿರಲಿಲ್ಲ. ನಾನು ಬಾತ್‌ರೂಮಿನಲ್ಲಿದ್ದರೆ ಬರುವವರೆಗೆ ಕಾಯುತ್ತಿದ್ದರು. ನನಗೆ ಜ್ವರ ಬಂದು ಮಲಗಿದಾಗ ಒಬ್ಬರಾದ ಮೇಲೆ ಒಬ್ಬರು ಬಂದು, ಹಣೆ ಮುಟ್ಟಿ ನೋಡಿ, ಜೊತೆಗೇ ಇನ್ನೊಬ್ಬರಿಗೆ ಮುಟ್ಟಿಸಬೇಕಾದ ಸುದ್ದಿಯನ್ನೂ ಕಿವಿಗೆ ಹಾಕಿ ಹೋಗುತ್ತಿದ್ದರು. ನನ್ನ ಕನ್ನಡ ಚೆನ್ನಾಗಿದೆ ಎಂದು ಜನ ಇಂದಿಗೂ ಹೊಗಳುತ್ತಾರೆ. ಅಮೆರಿಕದಲ್ಲೇ ಹುಟ್ಟಿದವನು ಇಷ್ಟು ಸ್ಪಷ್ಟವಾಗಿ ಹೇಗೆ ಮಾತಾಡುತ್ತೀ, ಅಪ್ಪ ಅಮ್ಮ ಎಷ್ಟು ಮುತುವರ್ಜಿ ವಹಿಸಿರಬೇಕು ಎನ್ನುತ್ತಾರೆ. ನಾನು ನಕ್ಕು ಸುಮ್ಮನಾಗುತ್ತೇನೆ. ಅಮ್ಮ ತನ್ನ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಬಿಡುತ್ತಿರಲಿಲ್ಲ, ಹೇಳಿದ ಹಾಗೇ ಹೇಳಬೇಕಿತ್ತು. ಹೀಗಾಗಿ ಹೊತ್ತ ಮಾತೆಲ್ಲ ಕನ್ನಡದಲ್ಲಿ, ನನಗೆ ಹಸಿವಾಗಿದೆ, ನನಗೆ ನಿದ್ದೆ ಬರುತ್ತಿದೆ ಎಂಬ ನನ್ನ ಸ್ವಂತ ಮಾತೆಲ್ಲ ಇಂಗ್ಲಿಷಿನಲ್ಲಿ. ಅನೇಕ ವರ್ಷ ಕನ್ನಡದಲ್ಲಿ ನನ್ನದು ಎನ್ನುವ ಒಂದು ವಾಕ್ಯವನ್ನೂ ನಾನು ಆಡಿರಲಿಲ್ಲ.

ಮಾತು ಯಾಕೆ ನಿಂತಿತು ಎನ್ನುವುದಕ್ಕೆ ಮನೆಯಲ್ಲಿ ಒಂದೇ ಕಾರಣ ಚಲಾವಣೆಯಲ್ಲಿತ್ತು. ಮೈಸೂರಿನಲ್ಲಿ ಅಜ್ಜಿಗೆ, ಅಂದರೆ ಅಮ್ಮನ ಅಮ್ಮನಿಗೆ, ಕಾಯಿಲೆ ಜೋರಾಯಿತು. ಆಗ ಅಪ್ಪ ಅಮ್ಮನ ಗ್ರೀನ್ ಕಾರ್ಡಿನ ಅರ್ಜಿ ಕೊನೆಯ ಹಂತದಲ್ಲಿತ್ತು. ಈಗ ದೇಶ ಬಿಟ್ಟು ಹೋದರೆ ವಾಪಸು ಒಳಗೆ ಬಿಡುತ್ತಾರೆಂದು ಹೇಳಲಾಗುವುದಿಲ್ಲ ಎಂದರಂತೆ ವಕೀಲರು. ಅಪ್ಪ ಅಮ್ಮನಿಗೆ ಹೋಗಬೇಡ ಎಂದರು. ಅಮ್ಮ ಹೋಗಲಿಲ್ಲ. ಅಜ್ಜಿ ತೀರಿಕೊಂಡರು. ಆಮೇಲೆ ಕಾರ್ಡು ಬಂತು. ಅಮ್ಮ ಅದನ್ನು ಕೈಯಲ್ಲಿ ಹಿಡಿದು ಒಂದು ಸಲ ನೋಡಿ ಡ್ರಾಯರಿಗೆ ಹಾಕಿದಳು. ಅಷ್ಟೆ, ಇದರಲ್ಲಿ ಅರ್ಥವಾಗದ್ದು ಏನಿದೆ ಎನ್ನುವಂತೆ ಅಪ್ಪ ಇರುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ.

ಮನೆಯಲ್ಲಿ ಮಾತು ನಿಂತದ್ದನ್ನು ಪತ್ತೆ ಹಚ್ಚಿದವರು ಶೈಲಾ ಆಂಟಿ ಒಬ್ಬರೇ. ಧಾರವಾಡದವರು, ನಮ್ಮ ಹಿಂದಿನ ಬೀದಿಯವರು, ಮನಸ್ಸಿನಲ್ಲಿ ಬಂದದ್ದು ಬಾಯಲ್ಲಿ ಇರುತ್ತಿತ್ತು. ಒಂದು ರಜೆಯ ಮಧ್ಯಾಹ್ನ ಕೊತ್ತಂಬರಿ ಕೇಳಲು ಬಂದು ಅರ್ಧ ಗಂಟೆ ಕೂತು, ನಾನು ಮೂರು ಸಲ ಆ ಕಡೆ ಈ ಕಡೆ ಮಾತು ದಾಟಿಸಿದ್ದನ್ನು ನೋಡಿ, ಎದ್ದು ಹೊರಡುವಾಗ ಅಮ್ಮನಿಗೆ ಹೇಳಿದರು:

"ಇಬ್ರೂ ಸೇರಿ ಹುಡುಗನ್ನ ಟೆಲಿಫೋನ್ ಮಾಡಿ ಇಟ್ಟೀರಲ್ರೀ. ತಿಂಗಳದಾಗ ಎರಡ ದಿನಾ ಆದ್ರೂ ಕಾಡಿಗೆ ಕಳಸ್ರಿ, ಲೈನ್ ಸ್ವಲ್ಪ ಆರಾಮ ತಗೊಳ್ಳಲಿ."

ಅವರ ಮಗ ಸ್ಕೌಟ್ ಟ್ರೂಪಿನಲ್ಲಿ, ಅಂದರೆ ಸ್ಕೌಟುಗಳ ದಳದಲ್ಲಿ, ಇದ್ದ. ನನ್ನನ್ನೂ ಸೇರಿಸಿದರು. ಚರ್ಚಿನ ನೆಲಮಾಳಿಗೆಯಲ್ಲಿ ವಾರಕ್ಕೊಂದು ಸಂಜೆ ಸಭೆ, ತಿಂಗಳಿಗೊಮ್ಮೆ ಎಲ್ಲಿಯಾದರೂ ಟೆಂಟು. ಸ್ಕೌಟ್ ಮಾಸ್ಟರ್ ಮಿಸ್ಟರ್ ಕೋಸ್ಕಿ ಎಂಬ ದಪ್ಪ ಮೀಸೆಯ ಮನುಷ್ಯ. ಹಗಲು ಪ್ಲಂಬಿಂಗ್ ಸಾಮಾನು ಮಾರುತ್ತಿದ್ದ, ಸಂಜೆ ನಮಗೆ ಗಂಟು ಹಾಕುವುದು ಕಲಿಸುತ್ತಿದ್ದ. ಟ್ರೂಪು ಹೊರಗೆ ಹೋದಾಗಲೆಲ್ಲ ಇಬ್ಬರು ದೊಡ್ಡವರು ಜೊತೆಗಿರಬೇಕೆಂಬ ನಿಯಮವಿತ್ತು, ಬೇರೆ ಅಪ್ಪಂದಿರಿಗೆಲ್ಲ ವಾರಾಂತ್ಯದಲ್ಲಿ ಏನಾದರೊಂದು ಇರುತ್ತಿತ್ತು. ನಮ್ಮಪ್ಪನಿಗೆ ಏನೂ ಇರುತ್ತಿರಲಿಲ್ಲ. ಹೀಗೆ ಅವರು ಮಿನಿವ್ಯಾನ್ ಡ್ರೈವ್ ಮಾಡಿಕೊಂಡು ಬರುವ ಖಾಯಂ ಅಂಕಲ್ ಆದರು. ಕ್ಯಾಂಪಿನಲ್ಲಿ ನಾವಿಬ್ಬರೂ ಹೆಚ್ಚಾಗಿ ಪಾತ್ರೆ ತೊಳೆಯುತ್ತಿದ್ದೆವು. ಮಾಂಸ ಬೇಯಿಸಲು ನಮಗೆ ಬರುತ್ತಿರಲಿಲ್ಲ, ಬೆಂಕಿಯ ಸುತ್ತ ಕೂತು ಹರಟಲು ಮನಸ್ಸಿರಲಿಲ್ಲ. ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಸುಮ್ಮನೆ ನಿಂತರೆ ಯಾರೂ ಏನೂ ಕೇಳುತ್ತಿರಲಿಲ್ಲ.

ಇದೆಲ್ಲ ಆಗಿ ಎಷ್ಟೋ ವರ್ಷಗಳ ಮೇಲೆ, ಮೊನ್ನೆ, ನಾನೀಗ ಇರುವ ಇಟಾಸ್ಕಾದ ಮನೆಯಲ್ಲಿ ನನ್ನ ಮಗಳು ಸ್ಕೂಲ್ ಬ್ಯಾಗು ಇಳಿಸುತ್ತಲೇ, ತನ್ನ ಟ್ರೂಪಿನವರು ತನ್ನನ್ನು ಸ್ಕೌಟುಗಳ ಗೌರವ ಸಂಘಕ್ಕೆ ಆರಿಸಿದ್ದಾರೆ ಎಂದಳು. ಈಗ ಹುಡುಗಿಯರಿಗೂ ಅವಕಾಶವಿದೆ. ಇಡೀ ದಿನ ಮಾತಾಡಬಾರದಂತೆ, ಅದು ಕಷ್ಟವಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಡೆಸ್ ಪ್ಲೇನ್ಸ್‌ನ ಆಫೀಸಿನಲ್ಲಿ ವಿಮಾನದ ಸರಕಿನವರಿಗೂ ಲಾರಿಯವರಿಗೂ ಮಧ್ಯೆ ಎಂಟು ಗಂಟೆ ಫೋನಿನಲ್ಲಿ ಮಾತಾಡಿ ಬಂದಿದ್ದ ನನಗೆ ಉತ್ತರ ಕೊಡುವ ಚೈತನ್ಯವೂ ಇರಲಿಲ್ಲ. ಕಷ್ಟವೇನಲ್ಲ ಎಂದಷ್ಟೇ ಹೇಳಿದೆ. ಅವಳು ಕೇಳಿದ್ದಕ್ಕೆ ಸರಿಯಾದ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕಾಲದಲ್ಲಿ ಆ ಸಂಘದ ವ್ಯವಸ್ಥೆ ವಿಚಿತ್ರವಾಗಿತ್ತು. ಅದು ಟ್ರೂಪಿನೊಳಗಿನ ಟ್ರೂಪಲ್ಲ; ಸುತ್ತಲಿನ ಅನೇಕ ಊರುಗಳ ಟ್ರೂಪುಗಳಿಂದ ಆರಿಸಿದವರು ಸೇರಿ ಒಂದು ಬಳಗ, ಅದಕ್ಕೆ ಅದರದೇ ಅಧ್ಯಕ್ಷ, ಸಭೆ, ಹಾಡು. ಅಧ್ಯಕ್ಷನಾಗುವವನೂ ಹುಡುಗನೇ, ದೊಡ್ಡವರು ಹಿಂದೆ ನಿಂತು ನೋಡಿಕೊಳ್ಳಬೇಕು. ವರ್ಷಕ್ಕೊಮ್ಮೆ ಆ ಬಳಗದ ಇಬ್ಬರು ಹೆಗಲ ಮೇಲಿಂದ ಬಿಳಿ ಪಟ್ಟಿ ಹಾಕಿಕೊಂಡು ನಮ್ಮ ಚರ್ಚಿನ ನೆಲಮಾಳಿಗೆಗೆ ಬರುತ್ತಿದ್ದರು. ಸಾಕಷ್ಟು ರಾತ್ರಿಗಳನ್ನು ಟೆಂಟಿನಲ್ಲಿ ಕಳೆದು, ಒಂದು ಮಟ್ಟದ ದರ್ಜೆ ಗಳಿಸಿದವರ ಹೆಸರುಗಳನ್ನು ಮಿಸ್ಟರ್ ಕೋಸ್ಕಿ ಓದುತ್ತಿದ್ದ. ಆಮೇಲೆ ಎಲ್ಲರಿಗೂ ಚೀಟಿ. ನಿನ್ನೆ ಸೇರಿದ ಚಿಕ್ಕ ಹುಡುಗನಿಗೂ ಒಂದು ಚೀಟಿ. ಯಾರು ಯೋಗ್ಯರೆಂದು ತೋರುತ್ತದೋ ಅವರೆಲ್ಲರಿಗೂ ಮತ ಹಾಕಬಹುದು, ಬೇಡವೆನಿಸಿದರೆ ಯಾರಿಗೂ ಹಾಕದಿರಬಹುದು. ಅರ್ಧದಷ್ಟು ಮತ ಬಿದ್ದರೆ ಆಯ್ಕೆ. ಅಂದರೆ ಸಂಘದಲ್ಲಿಲ್ಲದವರು ಸೇರಿ ಸಂಘಕ್ಕೆ ಯಾರು ಹೋಗಬೇಕೆಂದು ನಿರ್ಧರಿಸುತ್ತಿದ್ದರು. ಫಲಿತಾಂಶವನ್ನು ಅಂದೇ ಹೇಳುತ್ತಿರಲಿಲ್ಲ; ಮುಂದೆ ಯಾವುದೋ ಕ್ಯಾಂಪಿನಲ್ಲಿ ಬೆಂಕಿಯ ಎದುರು ಹೆಸರು ಕೂಗುವವರೆಗೆ ಕಾಯಬೇಕು.

ನನ್ನ ಹೆಸರು ಓದುವ ವರ್ಷ ಬಂತು. ಈ ಸಂಘ ಕಾಲೇಜಿನ ಅರ್ಜಿಯಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಯಾರೋ ಅಪ್ಪನ ತಲೆಗೆ ತುಂಬಿದ್ದರು. ಅಪ್ಪ ಬದುಕಿನಲ್ಲಿ ಪಡೆದದ್ದನ್ನೆಲ್ಲ ಅಪ್ಲೈ ಮಾಡಿಯೇ ಪಡೆದವರು: ಸೀಟು, ವೀಸಾ, ಕೆಲಸ, ಮನೆ. ಅವರು ಮಿಸ್ಟರ್ ಕೋಸ್ಕಿಗೆ ಫೋನ್ ಮಾಡಿ, ಅಪ್ಲೈ ಮಾಡಲು ಕೊನೆಯ ದಿನ ಯಾವುದು ಎಂದು ವಿಚಾರಿಸಿದರು. ಆತ ಸಾವಧಾನವಾಗಿ ವಿವರಿಸಿದ. ಅರ್ಜಿ ಇಲ್ಲ, ಸಂದರ್ಶನ ಇಲ್ಲ, ಪರೀಕ್ಷೆ ಇಲ್ಲ, ತನಗೆ ಬೇಕು ಎಂದು ಹುಡುಗ ಬಾಯಿ ಬಿಟ್ಟರೂ ಅದು ಅಷ್ಟು ಚೆನ್ನಾಗಿರುವುದಿಲ್ಲ. ಅಪ್ಪ ಫೋನ್ ಇಟ್ಟರು. ಆಮೇಲೆ ಅವರಿಗೊಂದು ಉಪಾಯ ಹೊಳೆಯಿತು.

"ಅಮ್ಮಂಗೆ ಹೇಳು, ಬರೋ ಭಾನುವಾರ ಟ್ರೂಪಿನ ಹುಡುಗ್ರನ್ನೆಲ್ಲ ಮನೆಗೆ ಕರೀತೀನಿ. ದೋಸೆ ಹಾಕ್ಬೇಕು ಅಂತ."

ನಾನು ಹೇಳಿದೆ. ಅಮ್ಮ ಹಿಟ್ಟಿನ ಕೈಯಲ್ಲೇ ತಿರುಗಿ ನಿಂತಳು.

"ಅಪ್ಪಂಗೆ ಹೇಳು, ಎಲೆಕ್ಷನ್‌ಗೆ ಮುಂಚೆ ಊಟ ಹಾಕೋರು ನಮ್ಮೂರಲ್ಲೂ ಇದಾರೆ. ಗೆದ್ದ ಮೇಲೆ ಅವರ ಮುಖ ಯಾರೂ ನೋಡಿಲ್ಲ."

ಹೀಗೆಂದವಳು ಗುರುವಾರವೇ ಅಕ್ಕಿ ನೆನೆಹಾಕುವ ಯೋಚನೆ ಮಾಡತೊಡಗಿದಳು. ಭಾನುವಾರ ಮನೆ ತುಂಬ ಉದ್ದುದ್ದ ಕಾಲಿನ ಹುಡುಗರು. ಬಾಗಿಲಲ್ಲಿ ರಾಶಿ ಶೂಗಳು, ಒಂದೊಂದೂ ದೋಣಿಯ ಗಾತ್ರ. ಚಟ್ನಿ ಖಾರವೆಂದು ಬದಿಗಿಟ್ಟು ದೋಸೆಗೆ ಮೇಪಲ್ ಸಿರಪ್ ಸುರಿದುಕೊಂಡು ತಿಂದರು. ಅಮ್ಮ ಎರಡು ಹೆಂಚು ಇಟ್ಟುಕೊಂಡು ಹುಯ್ಯುತ್ತಲೇ ಇದ್ದಳು, ಒಬ್ಬ ಹುಡುಗ ಹದಿಮೂರನೆಯದನ್ನು ಕೇಳಿದಾಗ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕಳು. ಅಪ್ಪ ಪ್ಲೇಟು ಹಂಚುತ್ತಿದ್ದವರು ಆ ನಗೆ ಕೇಳಿ ತಿರುಗಿ ನೋಡಿದರು. ಅವಳು ಕೂಡಲೇ ಒಲೆಯ ಕಡೆ ತಿರುಗಿಕೊಂಡಳು. ನಾನು ಇಬ್ಬರನ್ನೂ ನೋಡಿದೆ. ಈಗೇನಾದರೂ ಒಂದು ಮಾತು ಹೊರಟೀತು ಎಂದು ಕಾದೆ. ಹುಡುಗರು ಹೋದ ಮೇಲೆ ಹೊರಟದ್ದು, ಉಳಿದ ಹಿಟ್ಟನ್ನು ಫ್ರಿಜ್ಜಿನಲ್ಲಿಡಲು ಜಾಗ ಮಾಡಿಕೊಡಬೇಕಂತೆ ಎಂಬ ಸುದ್ದಿ, ಅದೂ ನನ್ನ ಮೂಲಕ.

ನಾನು ಆಯ್ಕೆಯಾದೆ. ಬೇಸಿಗೆಯ ಕ್ಯಾಂಪಿನಲ್ಲಿ ಬೆಂಕಿಯ ಎದುರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಆ ನೆಲದ ಮೂಲನಿವಾಸಿಗಳ ಹಾಗೆ ತಲೆಗೆ ಪುಕ್ಕ ಕಟ್ಟಿಕೊಂಡ ಬಿಳಿಯ ಹುಡುಗರು ಡೋಲು ಬಡಿಯುತ್ತ ಹೆಸರು ಕೂಗಿದರು. ಯಾರದೋ ಪುಕ್ಕ, ಯಾರದೋ ತಲೆ ಎಂದು ಆಗಲೇ ನನಗೆ ಮುಜುಗರವಾಗಿತ್ತು. ಆದರೆ ಹೆಸರು ಕರೆದಾಗ ಹೆಮ್ಮೆಯಾದದ್ದೂ ನಿಜ. ಅಪ್ಪ ನನ್ನ ಯೋಗ್ಯತೆ ಎಂದರು, ಅಮ್ಮ ದೋಸೆ ಎಂದಳು. ನನ್ನ ಪಕ್ಕದ ಟೆಂಟಿನವನೊಬ್ಬ ಬೇರೆಯೇ ಕಾರಣ ಹೇಳಿದ: ನೀನು ಎಷ್ಟೇ ಕೆಲಸ ಕೊಟ್ಟರೂ ಗೊಣಗುವುದಿಲ್ಲ, ಯಾರ ಮಾತನ್ನೂ ಯಾರ ಹತ್ತಿರವೂ ಆಡುವುದಿಲ್ಲ, ಆದ್ದರಿಂದ ಎಲ್ಲರೂ ನಿನಗೆ ಹಾಕಿದರು ಎಂದ. ನಾನು ಅಲ್ಲಿ ಬಾಯಿ ಮುಚ್ಚಿಕೊಂಡು ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದೆ ಅಷ್ಟೆ. ನನ್ನ ದಣಿವನ್ನು ಅವರು ಸದ್ಗುಣ ಎಂದುಕೊಂಡರು.

ಆಯ್ಕೆಯಾದ ಮಾತ್ರಕ್ಕೆ ಸೇರಿದಂತಲ್ಲ. ಶರತ್ಕಾಲದ ಒಂದು ವಾರಾಂತ್ಯ ಅಗ್ನಿಪರೀಕ್ಷೆ ಇರುತ್ತದೆ. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಮಾತಾಡುವಂತಿಲ್ಲ, ಅರೆಹೊಟ್ಟೆ ಊಟ, ದಿನವಿಡೀ ಮೈಮುರಿಯುವ ಕೆಲಸ. ಅಷ್ಟು ಮಾಡಿದವನಿಗೆ ಬಿಳಿ ಪಟ್ಟಿ. ದೊಡ್ಡವರಿಗೆ ಚುನಾವಣೆ ಇಲ್ಲ. ಟ್ರೂಪಿನ ಸಮಿತಿ ಒಬ್ಬರನ್ನು ಹೆಸರಿಸುತ್ತದೆ, ಅದೂ ಗೌರವಕ್ಕಲ್ಲ, ಮುಂದೆ ಹುಡುಗರಿಗೆ ಉಪಯೋಗಕ್ಕೆ ಬರುತ್ತಾರೆಂದು. ಆದರೆ ಪರೀಕ್ಷೆ ಅವರಿಗೂ ಅದೇ. ಆ ವರ್ಷ ಮಿಸ್ಟರ್ ಕೋಸ್ಕಿ ಫೋನ್ ಮಾಡಿ ನಮ್ಮಪ್ಪನ ಹೆಸರು ಹೇಳಿದ. ಅಪ್ಪ ಗಾಬರಿಯಾಗಿ, ನಾನು ಅಪ್ಲೈಯೇ ಮಾಡಿಲ್ಲವಲ್ಲ ಎಂದರು. ಕೇಳದೆ ಬಂದದ್ದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವರಿಗೆ ತಿಳಿಯಲಿಲ್ಲ. ಅಂದು ಊಟಕ್ಕೆ ಕೂತಾಗ, ನಾವಿಬ್ಬರೂ ಒಟ್ಟಿಗೆ ಹೋಗುವ ವಿಷಯವನ್ನು, ಅಲ್ಲಿನ ನಿಯಮಗಳನ್ನು ನನ್ನ ಮೂಲಕ ಅಮ್ಮನಿಗೆ ತಿಳಿಸಿದರು. ಅಮ್ಮ ಮೊಸರು ಬಡಿಸುತ್ತಿದ್ದಳು.

"ಅಪ್ಪಂಗೆ ಹೇಳು, ಮಾತಾಡದೆ ಇರೋದಕ್ಕೆ ಅಷ್ಟು ದೂರ ಕಾಡಿಗೆ ಯಾಕೆ ಹೋಗ್ಬೇಕು ಅಂತ."

ಇದೊಂದನ್ನು ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅಪ್ಪ ಕೈ ತೊಳೆಯಲು ಎದ್ದರು. ಪರೀಕ್ಷೆಯ ಶುಕ್ರವಾರ ನಾವು ಮಲಗುವ ಚೀಲಗಳನ್ನು ವ್ಯಾನಿಗೆ ಹಾಕುವಾಗ ಅಮ್ಮ ಗ್ಯಾರೇಜಿನಲ್ಲಿ ನಿಂತಿದ್ದಳು. ಅವಳು ಎರಡು ದಿನ ಆ ಮನೆಯಲ್ಲಿ ಒಬ್ಬಳೇ ಇರುತ್ತಾಳೆ, ಆಡಿದ ಮಾತನ್ನು ಎತ್ತಿಕೊಂಡು ಹೋಗಲು ಯಾರೂ ಇರುವುದಿಲ್ಲ ಎಂದು ನನಗೆ ಆಗ ಹೊಳೆಯಿತು. ಆದರೂ ವ್ಯಾನು ಸಬ್‌ಡಿವಿಷನ್ ದಾಟಿ ಹೈವೇ ಹತ್ತಿದಾಗ ಕಾಲು ಚಾಚಿ ಕೂತೆ. ನನಗೆ ಹೋಗಬೇಕಿತ್ತು. ಪಟ್ಟಿಗಾಗಿ ಅಲ್ಲ, ಒಂದು ದಿನ ಯಾರೂ ನನ್ನ ಕೈಗೆ ಮಾತು ಕೊಡಲಾರರು ಎಂಬ ಆಸೆಗೆ.

ಉತ್ತರಕ್ಕೆ ಎರಡು ಗಂಟೆಯ ದಾರಿ. ಮುಸ್ಸಂಜೆಗೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಇನ್ನು ಮಾತಿಲ್ಲ ಎಂದರು. ಒಬ್ಬೊಬ್ಬರನ್ನೂ ದೂರ ದೂರ ಮರದ ಕೆಳಗೆ ಮಲಗಿಸಿದರು. ಬೆಳಿಗ್ಗೆ ಒಂದು ಸೇಬು, ಒಂದು ತುಂಡು ಬ್ರೆಡ್ಡು. ಹತ್ತು ಹತ್ತು ಜನರ ಗುಂಪು, ಗುಂಪಿಗೊಬ್ಬ ಹಳೆಯ ಸದಸ್ಯ. ಅವನೂ ನಮ್ಮ ಹಾಗೆ ಉಪವಾಸವಿದ್ದು ನಮ್ಮ ಹಾಗೇ ದುಡಿಯಬೇಕು, ಕೆಲಸಕ್ಕೆ ಬೇಕಾದ್ದಷ್ಟನ್ನು ಅವನು ಮಾತ್ರ ಹೇಳಬಹುದು. ಉಳಿದವರು ಹೂಂ ಎನ್ನುವಂತೆಯೂ ಇಲ್ಲ. ನಮ್ಮದು ಮುಂದಿನ ಬೇಸಿಗೆಗೆ ದಾರಿ ಸವರುವ ಕೆಲಸ. ಬೇರು ಕಿತ್ತು, ಕಲ್ಲು ಹೊತ್ತು, ಎಲೆ ಗುಡಿಸಿದೆವು. ಒಬ್ಬ ಹುಡುಗ ಹತ್ತು ಗಂಟೆಯ ಹೊತ್ತಿಗೆ ಮಾತಾಡಲಾಗದೆ ತುಟಿ ಕಚ್ಚಿಕೊಳ್ಳುತ್ತಿದ್ದ, ಇನ್ನೊಬ್ಬ ಕಲ್ಲಿನ ಜೊತೆ ಪಿಸುಗುಟ್ಟಿ ಬೈಸಿಕೊಂಡ. ನನಗೆ ಮಾತ್ರ ಬೆನ್ನಿನ ಮೇಲಿಂದ ಏನೋ ಇಳಿಸಿದ ಹಾಗಾಗಿತ್ತು. ನಮ್ಮ ಮನೆಯ ಮೌನದಲ್ಲಿ ಸದಾ ಯಾರೋ ಏನೋ ಹೇಳುತ್ತಿರುತ್ತಾರೆ, ಪಾತ್ರೆ ಇಡುವ ಸದ್ದಿನಲ್ಲಿ, ಬಾಗಿಲು ಹಾಕುವ ಸದ್ದಿನಲ್ಲಿ. ನಾನು ಅದನ್ನು ಓದುತ್ತಿರಬೇಕು. ಇಲ್ಲಿನ ಮೌನದಲ್ಲಿ ಓದಬೇಕಾದ್ದು ಏನೂ ಇರಲಿಲ್ಲ. ನನಗೆ ಆ ಬೆಳಿಗ್ಗೆ ಎಷ್ಟು ಸಂತೋಷವಾಯಿತೆಂದರೆ, ಅಮ್ಮನ ನೆನಪಾಗಿ ನಾಚಿಕೆಯೂ ಆಯಿತು.

ಅಪ್ಪ, ಮಗ ಒಟ್ಟಿಗೆ ಬಂದರೆ ಅವರನ್ನು ಬೇರೆ ಬೇರೆ ಗುಂಪಿಗೆ ಹಾಕುತ್ತಾರೆ. ಆದರೆ ಮಧ್ಯಾಹ್ನ ತೊರೆಗೆ ಅಡ್ಡ ಹಾಕುವ ದಿಮ್ಮಿ ಸಾಗಿಸಲು ನಮ್ಮಿಬ್ಬರ ಗುಂಪುಗಳನ್ನೂ ಕರೆದರು. ನಾನು ಒಂದು ತುದಿಗೆ ಕೈ ಹಾಕಿದೆ, ತಲೆ ಎತ್ತಿದರೆ ಇನ್ನೊಂದು ತುದಿಯಲ್ಲಿ ಅಪ್ಪ. ಆಫೀಸಿನ ಹಳೆಯ ಪ್ಯಾಂಟು, ಮಂಡಿಯವರೆಗೆ ಕೆಸರು, ಕನ್ನಡಕದ ಒಂದು ಗಾಜಿಗೆ ಮಣ್ಣು. ಅವರು ಗಲ್ಲ ಎತ್ತಿದರೆ ನಾನು ಎತ್ತುತ್ತಿದ್ದೆ, ಅವರು ಕಣ್ಣಿನಲ್ಲೇ ನಿಲ್ಲು ಎಂದರೆ ನಿಲ್ಲುತ್ತಿದ್ದೆ. ನಾನು ಅವರ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಮನೆಯಲ್ಲಿ ಅವರ ಬಾಯನ್ನಷ್ಟೇ ನೋಡುತ್ತಿದ್ದೆ, ಏನು ಬರುತ್ತದೋ ಎಂದು. ಆ ಮುಖ ನಾನು ತಿಳಿದದ್ದಕ್ಕಿಂತ ವಯಸ್ಸಾದ ಮುಖ. ದಿಮ್ಮಿ ಇಳಿಸಿದ ಮೇಲೆ ಅವರು ಅಂಗೈ ಬಿಡಿಸಿ ಬೊಬ್ಬೆ ನೋಡಿಕೊಂಡು, ನನ್ನ ಅಂಗೈಯನ್ನೂ ಹಿಡಿದು ನೋಡಿದರು. ಆಮೇಲೆ ತಮ್ಮ ಗುಂಪಿನ ಹಿಂದೆ ಹೋದರು.

ಸಂಜೆ ವ್ರತ ಬಿಡಿಸಿ, ಪಟ್ಟಿ ತೊಡಿಸಿದರು. ಹುಡುಗರೆಲ್ಲ ಕಟ್ಟೆ ಒಡೆದ ಹಾಗೆ ಮಾತಾಡತೊಡಗಿದರು. ನಾವಿಬ್ಬರೂ ಮಾಂಸ ಬಿಟ್ಟು ಜೋಳ, ಬ್ರೆಡ್ಡು ತಿನ್ನುತ್ತ ಸುಮ್ಮನೆ ಕೂತಿದ್ದೆವು. ಮಿಸ್ಟರ್ ಕೋಸ್ಕಿ ಬಂದು ಅಪ್ಪನ ಬೆನ್ನು ತಟ್ಟಿ, ದೊಡ್ಡವರಲ್ಲಿ ಹೆಚ್ಚಿನವರು ಮಧ್ಯಾಹ್ನದೊಳಗೇ ಬಾಯಿ ಬಿಟ್ಟುಬಿಡುತ್ತಾರೆ, ನೀವೊಬ್ಬರು ಒಂದು ಸಲವೂ ತಪ್ಪಲಿಲ್ಲ ಎಂದ. ಅಪ್ಪ ತಮಗೆ ಅಭ್ಯಾಸವಿದೆ ಎಂದರು. ಆತ ಧ್ಯಾನವೋ ಯೋಗವೋ ಎಂದುಕೊಂಡು ಗೌರವದಿಂದ ತಲೆಯಾಡಿಸಿ ಹೋದ. ಅಪ್ಪ ನನ್ನ ಕಡೆ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಹೊರಟೆವು. ಹುಡುಗರನ್ನೆಲ್ಲ ಮಿಸ್ಟರ್ ಕೋಸ್ಕಿಯ ವ್ಯಾನು ತುಂಬಿಕೊಂಡಿತ್ತು, ನಮ್ಮದರಲ್ಲಿ ನಾವಿಬ್ಬರೇ. ಅರ್ಧ ದಾರಿಯಲ್ಲಿ ಹೈವೇಯಿಂದ ಕೆಳಗಿಳಿಯುವ ಒಂದು ಎಕ್ಸಿಟ್ ತೆಗೆದುಕೊಂಡು ಪೆಟ್ರೋಲ್ ಹಾಕಿಸಿ, ಕಾಫಿ ತಂದು, ಅಪ್ಪ ಗಾಡಿ ಸ್ಟಾರ್ಟ್ ಮಾಡದೆ ಕೂತರು. ವಿಂಡ್‌ಶೀಲ್ಡಿನ ಆಚೆ ಲಾರಿಗಳನ್ನು ನೋಡುತ್ತಿದ್ದರು.

"ಅಮ್ಮಂಗೆ ಹೇಳು," ಎಂದು ನಿಲ್ಲಿಸಿದರು. ನಾನು ಎಂದಿನಂತೆ ಕಾದೆ.

"ಅವತ್ತು ಊರಿಗೆ ಹೋಗ್ಬೇಡ ಅಂದಿದ್ದು ತಪ್ಪಾಯ್ತು ಅಂತ ಹೇಳು."

ನಾನು ಅಷ್ಟು ವರ್ಷ ಫಿಲ್ಟರು, ಹಾಲು, ಬಿಲ್ಲು, ಮದುವೆಮನೆಗೆ ಎಷ್ಟು ಗಂಟೆಗೆ ಹೊರಡಬೇಕು, ಇವನ್ನೆಲ್ಲ ಹೊತ್ತಿದ್ದೆ. ಇದು ನನ್ನಿಂದ ಎತ್ತಲಾಗದ್ದು ಎಂದು ಅಲ್ಲೇ ಗೊತ್ತಾಯಿತು. ಹೋಂವರ್ಕಿನ ಮೇಜಿನಿಂದ ತಲೆ ಎತ್ತದೆ, ಅಪ್ಪ ತಪ್ಪಾಯ್ತು ಅಂತಾರೆ ಎಂದು ಒಲೆಯ ಕಡೆ ಹೇಳುವುದು. ಆಮೇಲೆ ಅಮ್ಮ ಏನೋ ಹೇಳುವುದು, ಅದನ್ನು ಸೋಫಾದ ಕಡೆ ಒಯ್ಯುವುದು. ಅಪ್ಪನ ಮೇಲೆ ಸಿಟ್ಟು ಬಂತು, ಅಳುವೂ ಬಂತು.

"ನೀವೇ ಹೇಳಿ," ಎಂದೆ.

ಕನ್ನಡದಲ್ಲೇ ಬಂತು. ಅಪ್ಪ ನನ್ನನ್ನು ನೋಡಿದರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ, ಕಾಫಿ ಮುಚ್ಚಳ ಒತ್ತಿ ಗಾಡಿ ಹೊರಡಿಸಿದರು.

ಅಮ್ಮ ಹುಳಿ ಮಾಡಿ ಹಪ್ಪಳ ಕರಿಯುತ್ತಿದ್ದಳು. ಇಡೀ ಮನೆಯನ್ನು ತಿಕ್ಕಿ ತೊಳೆದಿದ್ದಳು, ಒಲೆಯ ಹಿಂದಿನ ಗೋಡೆಯ ಟೈಲು ಕೂಡ ಹೊಳೆಯುತ್ತಿತ್ತು. ನನ್ನ ಗಲ್ಲ ಹಿಡಿದು ಇಳಿದುಹೋಗಿದ್ದೀಯ ಎಂದಾಗ ಅವಳ ದನಿ ಒಡೆದಿತ್ತು. ಎರಡು ದಿನ ಯಾರ ಜೊತೆಯೂ ಮಾತಾಡದೆ ಗಂಟಲು ಕಟ್ಟಿಕೊಂಡಿತ್ತು. ಅವಳಿಗೆ ಯಾರೂ ಪಟ್ಟಿ ತೊಡಿಸುವವರಿರಲಿಲ್ಲ. ನಾನು ನನ್ನ ಕುರ್ಚಿಯಲ್ಲಿ ಕೂತೆ. ಅಪ್ಪ ಕೆಸರಿನ ಶೂ ಕೈಯಲ್ಲಿ ಹಿಡಿದು ಗ್ಯಾರೇಜಿನ ಬಾಗಿಲಲ್ಲೇ ನಿಂತಿದ್ದರು.

ಅಮ್ಮ ನನಗೆ ಹೇಳಿದಳು, ಬಿಸಿನೀರಿದೆ, ಸ್ನಾನ ಮಾಡಲಿ ಎಂದು ಅಪ್ಪನಿಗೆ ಹೇಳಬೇಕೆಂದು. ನಾನು ಹೇಳಲಿಲ್ಲ. ಅವಳು ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ ಹೇಳಿದಳು. ನಾನು ಮೇಜಿನ ಮೇಲೆ ಕೈಯಿಟ್ಟು, ಬೊಬ್ಬೆ ನೋಡಿಕೊಳ್ಳುತ್ತ ಕೂತೆ. ಬಾಣಲೆಯಲ್ಲಿ ಹಪ್ಪಳ ಕಪ್ಪಾಗುತ್ತಿತ್ತು. ಆಗ ಅಪ್ಪ ಮಾತಾಡಿದರು.

"ಅವತ್ತು ನಾನು ನಿನ್ನನ್ನ ಊರಿಗೆ ಕಳಿಸ್ಬೇಕಿತ್ತು. ತಪ್ಪಾಯ್ತು."

ಅಮ್ಮ ಒಲೆ ಆರಿಸಿದಳು. ಅಭ್ಯಾಸಬಲದಿಂದ ನನ್ನ ಕಡೆ ತಿರುಗಿ ಬಾಯಿ ತೆರೆದಳು. ನಾನು ತಲೆ ಎತ್ತಿ ಅವಳನ್ನು ನೋಡಿದೆ, ಏನೂ ಮಾಡಲಿಲ್ಲ. ಅವಳ ಬಾಯಿ ಹಾಗೇ ಮುಚ್ಚಿಕೊಂಡಿತು. ಸೌಟು ಕೆಳಗಿಟ್ಟು, ನಿಧಾನವಾಗಿ ಅಪ್ಪನ ಕಡೆ ತಿರುಗಿದಳು.

"ಅದಕ್ಕಲ್ಲ."

ಅಪ್ಪನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

"ಹೋಗ್ಬೇಡ ಅಂದಿದ್ದು ಸರಿಯಾಗೇ ಇತ್ತು. ನಾನೇ ಒಪ್ಕೊಂಡಿದ್ದೆ. ಅಮ್ಮ ಹೋದ್ರು ಅಂತ ಬೆಳಿಗ್ಗೆ ಫೋನ್ ಬಂತಲ್ಲ, ಅವತ್ತು ನೀವು ಮೀಟಿಂಗ್ ಇದೆ ಅಂತ ಆಫೀಸಿಗೆ ಹೋದ್ರಿ. ಇವನನ್ನ ಸ್ಕೂಲ್ ಬಸ್ ಹತ್ತಿಸಿ ಬಂದೆ. ಸಂಜೆ ಆರರ ತನಕ ಈ ಮನೇಲಿ ನಾನೊಬ್ಳೇ ಇದ್ದೆ."

ಅಪ್ಪನ ಕೈಯಿಂದ ಒಂದು ಶೂ ಜಾರಿ ಬಿತ್ತು. ಮೀಟಿಂಗ್ ಇದ್ದದ್ದು ನಿಜ ಎಂದು ಅವರು ಶುರುಮಾಡಿದರು. ಅದು ಅವರು ಹೇಳಬಾರದಿದ್ದ ಮಾತು. ಅಮ್ಮನ ಒಡೆದ ದನಿ ಮೇಲೇರಿತು. ನೀನು ಒಂದು ಮಾತು ಹೇಳಬಹುದಿತ್ತಲ್ಲ, ಇರಿ ಅಂದಿದ್ದರೆ ಇರುತ್ತಿರಲಿಲ್ಲವಾ ಎಂದು ಅಪ್ಪನೂ ಜೋರಾದರು. ಅದನ್ನೂ ನಾನೇ ಹೇಳಬೇಕಿತ್ತಾ ಎಂದಳು ಅಮ್ಮ. ಕಾರ್ಡು ಬಂದ ದಿನ, ಅಜ್ಜಿಯ ತಿಥಿಯ ದಿನ, ಯಾವುದೋ ಹುಟ್ಟುಹಬ್ಬ, ಯಾರದೋ ಗೃಹಪ್ರವೇಶ, ಎಲ್ಲ ಹೊರಗೆ ಬಂದವು. ಅಷ್ಟು ವರ್ಷ ಕೂಡಿಟ್ಟದ್ದನ್ನು ಇಬ್ಬರೂ ಅಡುಗೆಮನೆಯ ನಡುವೆ ನಿಂತು ಒಬ್ಬರ ಮೇಲೊಬ್ಬರು ಸುರಿದರು. ಅಮ್ಮ ಅಳುತ್ತಿದ್ದಳು, ಅಪ್ಪನೂ ಅಳುತ್ತಿದ್ದರೆಂದು ಕಾಣುತ್ತದೆ, ಕನ್ನಡಕ ತೆಗೆದಿದ್ದರು.

ನಾನು ಎದ್ದೆ. ಯಾರೂ ಗಮನಿಸಲಿಲ್ಲ. ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಹೋಗಿ, ಕೆಸರಿನ ಬಟ್ಟೆಯಲ್ಲೇ ಹಾಸಿಗೆಯ ಮೇಲೆ ಬಿದ್ದುಕೊಂಡೆ. ಬಾಗಿಲು ತೆರೆದೇ ಇತ್ತು. ನಡು ಮಧ್ಯಾಹ್ನದ ಬಿಸಿಲು ಕಾಲಿನ ಮೇಲೆ ಬಿದ್ದಿತ್ತು. ಕೆಳಗಿನಿಂದ ಬರುತ್ತಿದ್ದ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸುತ್ತಿತ್ತು, ಅದರಲ್ಲಿ ಒಂದನ್ನೂ ನಾನು ನೆನಪಿಟ್ಟುಕೊಳ್ಳಬೇಕಾಗಿರಲಿಲ್ಲ. ಅವರು ಕೂಗಾಡುತ್ತಿದ್ದಂತೆಯೇ ನನಗೆ ನಿದ್ದೆ ಬಂತು.